ಅಂಕಪಟ್ಟಿ ಕೈಗೆ ಬಂದಾಗ

ಮಕ್ಕಳೇ, ಅಂಕಪಟ್ಟಿ ಕೈಗೆ ಬರುವಾಗ ನಿಮ್ಮ ಎದೆ ಡವಡವ ಎನ್ನುತ್ತದೆಯಲ್ಲವೇ? ಹೆಚ್ಚು ಅಂಕ ಬಂದವರು ಓಡಿಹೋಗಿ ಅಮ್ಮನಿಗೆ ತೋರಿಸುತ್ತಾರೆ. ಕಡಿಮೆ ಬಂದವರು ಚೀಲದ ಅಡಿಯಲ್ಲಿ ಬಚ್ಚಿಡುತ್ತಾರೆ. ಬಚ್ಚಿಡುವ ಮೊದಲು ಈ ಸಂಗತಿಯನ್ನು ಓದಿರಿ.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದರು. ತಾಳವಾಡಿಯ ಮಕ್ಕಳಿಗೆ ಅದು ತಮ್ಮ ಜಿಲ್ಲೆಯದೇ ಊರು. ಅವರು ಬೆಳೆದದ್ದು ಕುಂಭಕೋಣದಲ್ಲಿ. 1897ರ ಪ್ರಾಥಮಿಕ ಪರೀಕ್ಷೆಯಲ್ಲಿ ತಂಜಾವೂರು ಜಿಲ್ಲೆಗೇ ಮೊದಲಿಗರಾದರು. 1904ರಲ್ಲಿ ಕಾಲೇಜು ಸೇರಿದಾಗ ವಿದ್ಯಾರ್ಥಿವೇತನವೂ ದೊರೆಯಿತು. ಆದರೆ ಅವರು ಗಣಿತವನ್ನೇ ಹಿಡಿದು ಕುಳಿತರು. ಉಳಿದ ವಿಷಯಗಳನ್ನು ಓದಲಿಲ್ಲ. ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ವಿದ್ಯಾರ್ಥಿವೇತನವೂ ಹೋಯಿತು.

ಮನೆಯಲ್ಲಿ ಬಡತನ. ಕಾಗದ ದುಬಾರಿ. ಅವರು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಉತ್ತರವನ್ನು ಮಾತ್ರ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಬರೆದರು. ಮರುವರ್ಷ ಕೇಂಬ್ರಿಜ್‌ಗೆ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ನೋಡಿದಿರಾ? ಒಮ್ಮೆ ಮೊದಲ ಸ್ಥಾನ, ಇನ್ನೊಮ್ಮೆ ಸೋಲು. ಬುದ್ಧಿ ಮಾತ್ರ ಅದೇ. ಆ ದಿನ ಕೇಳಿದ ಪ್ರಶ್ನೆಗಳಿಗೆ ಎಷ್ಟು ಉತ್ತರ ಬರೆದಿರಿ ಎಂದಷ್ಟೇ ಅಂಕ ಹೇಳುತ್ತದೆ. ನೀವು ಜಾಣರೋ ದಡ್ಡರೋ ಎಂದು ಅದು ತೀರ್ಪು ಕೊಡಲಾರದು. ಹಾಗೆಂದು ಅಂಕವನ್ನು ಕಡೆಗಣಿಸಬೇಡಿ. ಉಳಿದ ವಿಷಯಗಳನ್ನು ಬಿಟ್ಟದ್ದರಿಂದ ರಾಮಾನುಜನ್ನರು ಎಷ್ಟು ಕಷ್ಟಪಟ್ಟರು ಎಂಬುದನ್ನೂ ನೆನಪಿಡಿ.

ಇನ್ನು ಮುಂದೆ ಅಂಕಪಟ್ಟಿ ಬಂದಾಗ ತಪ್ಪಿದ ಉತ್ತರ ಯಾವುದೆಂದು ಹುಡುಕಿರಿ. ತಿಳಿಯದಿದ್ದರೆ ಗುರುಗಳನ್ನು ಕೇಳಿ, ಮತ್ತೊಮ್ಮೆ ಬರೆಯಿರಿ.

ಅಭ್ಯಾಸ
1. ರಾಮಾನುಜನ್ನರ ವಿದ್ಯಾರ್ಥಿವೇತನ ಏಕೆ ನಿಂತಿತು?
2. ನಿಮಗೆ ಕಷ್ಟವೆನಿಸುವ ಪಾಠ ಯಾವುದು? ಅದನ್ನು ಹೇಗೆ ಕಲಿಯುವಿರಿ?