ತಲೆಶೂಲೆಯ ಮಾತ್ರೆ, ಕಣ್ಣಿನ ಹನಿ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಔಷಧದ ವಿಷಯವಾಗಿ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಆದರೆ ಲೋಕಿಕೆರೆಯ ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವನು ನಾನೊಬ್ಬನೇ. ಆದುದರಿಂದ ವೈದ್ಯರು ಬರೆದುಕೊಟ್ಟ ಚೀಟಿಗಳೆಲ್ಲ ಕಡೆಗೆ ನನ್ನ ಕೈಗೇ ಬಂದು ಸೇರುತ್ತವೆ. ಕಳೆದ ವರ್ಷ ಹಾಗೆ ಬಂದ ಎರಡು ಚೀಟಿಗಳು ನನ್ನನ್ನು ಪಠ್ಯವಲ್ಲದ ಪುಸ್ತಕಗಳ ಕಡೆಗೆ ಎಳೆದುವು.

ಮೊದಲನೆಯದು ನಮ್ಮ ಅವ್ವನದು. ಅವಳಿಗೆ ಬಹುಕಾಲದಿಂದ ಅರೆತಲೆಶೂಲೆ. ತಿಂಗಳಿಗೆ ನಾಲ್ಕೈದು ಬಾರಿ ಬರುತ್ತಿತ್ತು. ಬಂದಾಗ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಬೆಳಕು ಬೀಳದ ಒಳಕೋಣೆಯಲ್ಲಿ ಮಲಗಿಬಿಡುವಳು. ಪಾತ್ರೆಯ ಸದ್ದೂ ಆಗದು, ಒಗ್ಗರಣೆಯ ವಾಸನೆಯೂ ಆಗದು. ವಾಂತಿಯಾದರೆ ಕೊಂಚ ಹಗುರ. ಕಳೆ ಕೀಳುವ ಕೂಲಿ ಆ ದಿನ ತಪ್ಪಿತೆಂದೇ ಲೆಕ್ಕ. ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಇದಕ್ಕೆ ‘ಅರ್ಧಾವಭೇದಕ’ ಎಂಬ ಹೆಸರುಂಟು. ಈಗಿನವರು ಮೈಗ್ರೇನ್ ಎನ್ನುತ್ತಾರೆ. ಇದು ಪೇಟೆಯ ಓದುಬರಹದವರ ಕಾಯಿಲೆಯೆಂದು ನಾನು ಭಾವಿಸಿದ್ದೆ. ಆದರೆ 2009-10ರಲ್ಲಿ ಬೆಂಗಳೂರು ನಗರದಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ 2,329 ಜನರನ್ನು ವಿಚಾರಿಸಿದಾಗ, ಆ ಒಂದು ವರ್ಷದೊಳಗೆ ನೂರಕ್ಕೆ 25 ಮಂದಿಗೆ ಮೈಗ್ರೇನ್ ಕಾಡಿದ್ದು ಕಂಡುಬಂತು. ಹೆಂಗಸರಲ್ಲಿ ಹೆಚ್ಚು, ಹಳ್ಳಿಯವರಲ್ಲಿಯೂ ಹೆಚ್ಚು. ಹಣೆಗೆ ಬಟ್ಟೆ ಕಟ್ಟಿಕೊಂಡವರು ನಮ್ಮ ಓಣಿಯಲ್ಲಿ ಎಷ್ಟು ಮಂದಿಯೆಂದು ಆಮೇಲೆ ಎಣಿಸತೊಡಗಿದೆ.

ಅವ್ವನಿಗೆ ವೈದ್ಯರು ಬರೆದದ್ದು ‘ಪ್ರೊಪ್ರನಲಾಲ್’ ಎಂಬ ಮಾತ್ರೆ. ಹತ್ತು ದಿನ ನುಂಗಿದಳು. ನೋವು ಮತ್ತೆ ಬಂತು. ಅಷ್ಟರಲ್ಲಿ ನೆರೆಯವರೊಬ್ಬರು ಮಾತ್ರೆಯ ಹಾಳೆಯನ್ನು ನೋಡಿ, “ಇದು ಬಿ.ಪಿ. ಮಾತ್ರೆ ಕಣವ್ವಾ, ಹಾರ್ಟಿಂದು” ಎಂದುಬಿಟ್ಟರು. ಅವ್ವ ಅಂದೇ ನಿಲ್ಲಿಸಿದಳು. ತಲೆ ನೋಯುವವಳಿಗೆ ಎದೆಯ ಮಾತ್ರೆ ಕೊಟ್ಟರೆಂದರೆ ಚೀಟಿ ಅದಲುಬದಲಾಗಿರಬೇಕೆಂದು ನನಗೂ ಅನ್ನಿಸಿತು.

ಎರಡನೆಯ ಚೀಟಿ ನಮ್ಮ ದೊಡ್ಡಪ್ಪನವರದು. ಅವರ ಕಣ್ಣಿನ ಒತ್ತಡ ಏರಿದೆ, ಗ್ಲಾಕೋಮಾ ಎಂದು ಹೇಳಿ, ಬೆಳಿಗ್ಗೆ ಸಂಜೆ ಒಂದೊಂದು ತೊಟ್ಟು ಹಾಕಿಕೊಳ್ಳಲು ‘ಟಿಮೊಲಾಲ್’ ಎಂಬ ಹನಿ ಕೊಟ್ಟಿದ್ದರು. ಎರಡು ಹೆಸರುಗಳ ಬಾಲವೂ ಒಂದೇ ಆಗಿರುವುದು ಐಚ್ಛಿಕ ಕನ್ನಡದವನ ಕಣ್ಣಿಗೆ ಬೀಳದಿರುತ್ತದೆಯೇ? ಅಟೆನಲಾಲ್, ಮೆಟೊಪ್ರೊಲಾಲ್ ಎಂಬ ದಾಯಾದಿಗಳೂ ಇದ್ದಾರೆಂದು, ವೈದ್ಯಕೀಯ ಓದುತ್ತಿರುವ ಗೆಳೆಯರೊಬ್ಬರು ತಮ್ಮ ದಪ್ಪ ಪುಸ್ತಕವನ್ನು ತೆರೆದು ತೋರಿಸಿದರು. ಇವುಗಳ ಮನೆತನದ ಹೆಸರು ‘ಬೀಟಾ ಬ್ಲಾಕರ್’.

ಗದ್ದೆಯ ಬದುವಿನ ಮೇಲೆ ಕಾಲ ಬಳಿಯೇ ಹಾವು ಸರಿದರೆ ಎದೆ ಡವಡವಗುಟ್ಟುತ್ತದೆ, ಕೈ ನಡುಗುತ್ತದೆ, ಉಸಿರು ಜೋರಾಗುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಇಳಿಯುವುದರಿಂದ ಹೀಗಾಗುತ್ತದೆ. ಆದರೆ ಅದು ಕೆಲಸ ಮಾಡಬೇಕಾದರೆ ಆಯಾ ಅಂಗದಲ್ಲಿ ಕೂರಲು ಅದಕ್ಕೊಂದು ಪೀಠವಿರಬೇಕು. ಅಂಥ ಪೀಠಗಳಲ್ಲಿ ಎರಡು ಜಾತಿಗಳಿವೆಯೆಂದು 1948ರಲ್ಲಿ ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ತೋರಿಸಿ, ಅವನ್ನು ಆಲ್ಫಾ, ಬೀಟಾ ಎಂದು ಕರೆದನು. ಬೀಟಾ ಪೀಠಗಳು ಹೃದಯದಲ್ಲಿವೆ, ಶ್ವಾಸನಾಳಗಳಲ್ಲಿವೆ, ರಕ್ತನಾಳಗಳಲ್ಲಿವೆ, ಕಣ್ಣಿನೊಳಗೂ ಇವೆ.

ದಾವಣಗೆರೆಯ ಬಸ್ ನಿಲ್ದಾಣವನ್ನು ಬಲ್ಲವರಿಗೆ ಬೀಟಾ ಬ್ಲಾಕರ್ ಮಾಡುವ ಕೆಲಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಷ್ಟೆ? ಆ ಟವೆಲ್ ತಾನೇನೂ ಪ್ರಯಾಣ ಮಾಡುವುದಿಲ್ಲ. ಬೇರೆಯವರು ಕೂರದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಈ ಔಷಧವೂ ಹಾಗೆಯೇ ಪೀಠದ ಮೇಲೆ ಬಿದ್ದಿರುತ್ತದೆ. ಅಡ್ರಿನಲಿನ್ ಬಂದು ನಿಂತುಕೊಂಡೇ ಹೋಗಬೇಕಾಗುತ್ತದೆ. ಎದೆಬಡಿತ ನಿಧಾನವಾಗುತ್ತದೆ, ರಕ್ತದ ಒತ್ತಡ ಇಳಿಯುತ್ತದೆ. ಹಾಗೆಂದು ಈ ಟವೆಲನ್ನು ಒಂದೇ ಸಲಕ್ಕೆ ಎಳೆದುಬಿಡಬಾರದು. ಬಹುದಿನ ಔಷಧ ತೆಗೆದುಕೊಂಡವರ ದೇಹವು ತನ್ನಲ್ಲಿ ಪೀಠಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಅಷ್ಟೂ ಪೀಠಗಳಿಗೆ ಅಡ್ರಿನಲಿನ್ ನುಗ್ಗಿ, ಹೃದಯ ದುರ್ಬಲವಾಗಿರುವವರಿಗೆ ಅಪಾಯವಾದೀತು. ವೈದ್ಯರು ಕ್ರಮಕ್ರಮವಾಗಿ ಇಳಿಸುವುದು ಈ ಕಾರಣದಿಂದ. ಅವ್ವ ತಾನಾಗಿಯೇ ನಿಲ್ಲಿಸಿದ್ದು ಹತ್ತೇ ದಿನಕ್ಕಾದುದರಿಂದ ಏನೂ ಆಗಲಿಲ್ಲ.

ಈ ಔಷಧವನ್ನು ಹುಡುಕಿದವನು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಅವನು ಹುಡುಕಿದ್ದು ತಲೆಗಾಗಿಯೂ ಅಲ್ಲ, ಕಣ್ಣಿಗಾಗಿಯೂ ಅಲ್ಲ. ಎದೆನೋವಿನವರ ಹೃದಯದ ಶ್ರಮವನ್ನು ಕಡಿಮೆಮಾಡಬೇಕೆಂಬುದು ಅವನ ಹಂಬಲ. 1960ರ ದಶಕದ ನಡುವೆ ಪ್ರೊಪ್ರನಲಾಲ್ ಬಳಕೆಗೆ ಬಂತು. 1988ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂತು. ಉಳಿದ ಎರಡು ಉಪಯೋಗಗಳು ದಾರಿಯಲ್ಲಿ ಸಿಕ್ಕಿದುವು. ಎದೆನೋವಿಗೆಂದು ಮಾತ್ರೆ ನುಂಗುತ್ತಿದ್ದ ರೋಗಿಗೆ ಅರೆತಲೆಶೂಲೆಯೂ ಕಡಿಮೆಯಾದುದನ್ನು 1966ರಲ್ಲಿ ವೈದ್ಯರು ಗುರುತಿಸಿ ಬರೆದರು. ಮರುವರ್ಷವೇ ಅದು ಕಣ್ಣಿನ ಒತ್ತಡವನ್ನೂ ಇಳಿಸುತ್ತದೆಯೆಂಬ ವರದಿ ಬಂತು. ಆದರೆ ಪ್ರೊಪ್ರನಲಾಲನ್ನು ಕಣ್ಣಿಗೆ ಹನಿಸಿದರೆ ಕರಿಗುಡ್ಡೆಯ ಮೇಲ್ಪದರ ಮರಗಟ್ಟುತ್ತಿತ್ತು. ಆ ದೋಷವಿಲ್ಲದ ಟಿಮೊಲಾಲ್ ಹನಿಗೆ ಅಮೆರಿಕದಲ್ಲಿ 1978ರಲ್ಲಿ ಅನುಮತಿ ದೊರೆಯಿತು. ನೆರೆಯವರು ಅವ್ವನಿಗೆ ಹೇಳಿದ್ದು ಸುಳ್ಳಲ್ಲ. ಅರ್ಧ ನಿಜ ಮಾತ್ರ.

ತಲೆಶೂಲೆಯನ್ನು ಇದು ಹೇಗೆ ತಡೆಯುತ್ತದೆಂಬುದನ್ನು ಇದಮಿತ್ಥಂ ಎಂದು ಶಾಸ್ತ್ರಜ್ಞರು ಇನ್ನೂ ಹೇಳಿಲ್ಲ. ಮಿದುಳಿನ ನರಗಳ ಅತಿ ಉದ್ರೇಕವನ್ನು ತಗ್ಗಿಸುತ್ತದೆಂಬುದು ಒಂದು ಊಹೆ. ಉಪಯೋಗದ ಕ್ರಮವಂತೂ ಸ್ಪಷ್ಟವಾಗಿದೆ. ಇದು ನೋವು ಬಂದಾಗ ನುಂಗುವ ಮಾತ್ರೆಯಲ್ಲ. ನೋವಿಲ್ಲದ ದಿನವೂ ನುಂಗತಕ್ಕದ್ದು. ಕಡಿಮೆ ಪ್ರಮಾಣದಿಂದ ಆರಂಭಿಸಿ ಸಾಮಾನ್ಯವಾಗಿ ದಿನಕ್ಕೆ 80ರಿಂದ 240 ಮಿಲಿಗ್ರಾಂವರೆಗೆ ಏರಿಸುತ್ತಾರೆ; ಗುಣ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕು. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಅದನ್ನೇ ಗೆಲುವೆಂದು ಎಣಿಸುತ್ತಾರೆ. ಇದನ್ನು ಅವ್ವನಿಗೆ ಹೇಳಿ ಒಪ್ಪಿಸಲು ನನಗೆ ಹಿಡಿದಷ್ಟು ಕಾಲ ಸೆಮಿಸ್ಟರ್ ಪರೀಕ್ಷೆಗೂ ಹಿಡಿಯಲಿಲ್ಲ. ವೈದ್ಯರನ್ನು ಮತ್ತೆ ಕಂಡು, ಅವರು ಹೇಳಿದಂತೆ ಮೊದಲಿನಿಂದ ಆರಂಭಿಸಿದೆವು. ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ದಿನಕ್ಕೆ ಕುಂಕುಮದ ಬೊಟ್ಟು ಇಡುವುದೆಂದು ಗೊತ್ತುಮಾಡಿಕೊಂಡೆವು. ಮೂರನೆಯ ತಿಂಗಳಲ್ಲಿ ಬೊಟ್ಟುಗಳು ಎರಡೇ ಇದ್ದುವು.

ಇನ್ನು ಕಣ್ಣಿನ ವಿಚಾರ. ನಮ್ಮೂರ ಹೆಸರಿನಲ್ಲಿಯೇ ಕೆರೆಯಿರುವುದರಿಂದ ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ಕಣ್ಣಿನ ಮುಂಭಾಗವೂ ಒಂದು ಪುಟ್ಟ ಕೆರೆ. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಒಳಗಿನ ನೀರು. ಕರಿಗುಡ್ಡೆಯ ಹಿಂದಿರುವ ಒಂದು ಅಂಗಾಂಶ ಅದನ್ನು ಸದಾ ಒಸರಿಸುತ್ತಿರುತ್ತದೆ, ಅಂಚಿನ ಜಾಲರಿಯಂಥ ತೂಬಿನಿಂದ ಅದು ಹೊರಹೋಗುತ್ತಿರುತ್ತದೆ. ತೂಬಿನಲ್ಲಿ ಹೂಳು ತುಂಬಿದಂತಾದರೆ ಒಳಗಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಈ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರುಗಳ ನಡುವೆ ಇರುತ್ತದೆ. ಏರಿದ ಒತ್ತಡ ದೃಷ್ಟಿನರವನ್ನು ಮೆಲ್ಲಮೆಲ್ಲನೆ ಸವೆಸುತ್ತದೆ. ಹೆಚ್ಚಿನವರಿಗೆ ನೋವೂ ಇಲ್ಲ, ಕೆಂಪೂ ಇಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ. ನೇರ ನೋಟ ಕಡೆಯವರೆಗೂ ಉಳಿದಿರುವುದರಿಂದ ರೋಗಿಗೆ ಅರಿವಾಗುವುದೇ ಇಲ್ಲ. ಪೊರೆ ಬಂದರೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳೀತು; ಗ್ಲಾಕೋಮಾದಲ್ಲಿ ಹೋದದ್ದು ಹೋದದ್ದೇ. ದೊಡ್ಡಪ್ಪನವರು ಎಡಗಡೆ ಬಂದ ಎತ್ತಿನ ಗಾಡಿ ಕಾಣದೆ ತಾಗಿಸಿಕೊಂಡ ಮೇಲೆ ಪರೀಕ್ಷೆಗೆ ಹೋದರು. ಆ ವೇಳೆಗೆ ಎಡಗಣ್ಣು ಬಹುಪಾಲು ಹೋಗಿತ್ತು. ಉಳಿಸಬೇಕಾಗಿದ್ದುದು ಬಲಗಣ್ಣನ್ನು.

ಟಿಮೊಲಾಲ್ ತೂಬನ್ನು ತೆರೆಯುವುದಿಲ್ಲ. ಒಳಗೆ ಬರುವ ನೀರನ್ನೇ ಕಡಿಮೆಮಾಡಿ ಒತ್ತಡವನ್ನು ಸುಮಾರು ಕಾಲುಭಾಗ ಇಳಿಸುತ್ತದೆ. ದೊಡ್ಡಪ್ಪನವರಿಗೂ ಇಳಿಯಿತು. ಆದರೆ ಸುಗ್ಗಿಯ ಒಂದು ರಾತ್ರಿ ಅವರಿಗೆ ಉಸಿರೇ ಸಿಕ್ಕದಂತಾಗಿ, ಗಾಡಿ ಮಾಡಿಕೊಂಡು ದಾವಣಗೆರೆಗೆ ಓಡಿದೆವು. ಕಣದ ಧೂಳಿನಿಂದ ಎಂದು ಎಲ್ಲರೂ ಅಂದರು. ಅವರಿಗೆ ಹರೆಯದಲ್ಲಿ ಉಬ್ಬಸವಿತ್ತು, ಅದು ಅಡಗಿ ಎಷ್ಟೋ ವರ್ಷವಾಗಿತ್ತು. ಬೇರೆ ಕಾಯಿಲೆ ಉಂಟೇ ಎಂದು ಕಣ್ಣಿನ ವೈದ್ಯರು ಕೇಳಿದ್ದಾಗ ಇಲ್ಲವೆಂದಿದ್ದರಂತೆ. ಆ ವಾರವೇ ನಾನು ಪುಸ್ತಕದಲ್ಲಿ ಶ್ವಾಸನಾಳದ ಪೀಠಗಳ ಪುಟವನ್ನು ಓದಿದ್ದೆ. ಆಪತ್ತಿನಲ್ಲಿ ಓಡುವವನಿಗೆ ಉಸಿರು ಬೇಕೆಂದು ಅಡ್ರಿನಲಿನ್ ಶ್ವಾಸನಾಳಗಳನ್ನು ಅಗಲಿಸುತ್ತದೆ. ಅಲ್ಲಿಯ ಪೀಠಕ್ಕೂ ಟವೆಲ್ ಬಿದ್ದರೆ ಉಬ್ಬಸದವರ ನಾಳ ಬಿಗಿದುಕೊಳ್ಳುತ್ತದೆ. ಪ್ರೊಪ್ರನಲಾಲ್, ಟಿಮೊಲಾಲ್ ಎರಡೂ ಹೃದಯ, ಶ್ವಾಸಕೋಶ ಎಂದು ಭೇದವೆಣಿಸುವುದಿಲ್ಲ. ಉಬ್ಬಸದವರಿಗೆ ಇವು ವರ್ಜ್ಯ.

“ಲೇ ತಮ್ಮಾ, ಕಣ್ಣಿಗೆ ಹಾಕಿದ್ದು ಎದಿಗೆ ಹೆಂಗ್ ಇಳಿತೈತೋ?” ಎಂದು ದೊಡ್ಡಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಸಣ್ಣ ಕಾಲುವೆಯಿದೆ. ಅತ್ತಾಗ ಮೂಗು ಸೋರುವುದು ಅದರಿಂದಲೇ. ಹನಿಯೂ ಅದೇ ದಾರಿಯಲ್ಲಿ ಇಳಿದು ಮೂಗಿನೊಳಗಿನ ತೆಳುಪೊರೆಯಿಂದ ನೇರ ರಕ್ತ ಸೇರುತ್ತದೆ. ನುಂಗಿದ ಪ್ರೊಪ್ರನಲಾಲ್ ಮೊದಲು ಯಕೃತ್ತನ್ನು ಹಾದು ಅಲ್ಲಿ ಬಹುಪಾಲು ನಾಶವಾಗುತ್ತದೆ. ಹನಿಗೆ ಆ ಸುಂಕದ ಕಟ್ಟೆಯಿಲ್ಲ. ಆದುದರಿಂದ ತೊಟ್ಟು ಚಿಕ್ಕದೆಂದು ಹಗುರವಾಗಿ ಎಣಿಸುವಂತಿಲ್ಲ. ಹನಿ ಹಾಕಿದೊಡನೆ ರೆಪ್ಪೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಇಳಿಯುವುದು ಬಹಳ ಕಡಿಮೆಯಾಗುತ್ತದೆ. ಉಬ್ಬಸವಿಲ್ಲದವರಿಗೆ ಈ ಉಪಾಯ ಸಾಕು, ದೊಡ್ಡಪ್ಪನವರಿಗೆ ಸಾಲದು. ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ನಾವಿಬ್ಬರೂ ಕಣ್ಣಿನ ವೈದ್ಯರಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆವು. ಅವರು ಅದನ್ನು ನಿಲ್ಲಿಸಿ ಲ್ಯಾಟನೊಪ್ರಾಸ್ಟ್ ಎಂಬ ಬೇರೆ ಹನಿ ಬರೆದರು. ಅದು ಇನ್ನೊಂದು ಮನೆತನದ್ದು. ಒಳಗಿನ ನೀರು ಹೊರಹೋಗುವ ದಾರಿಯನ್ನು ಸಡಿಲಿಸುತ್ತದೆ. ರಾತ್ರಿ ಒಂದೇ ತೊಟ್ಟು.

ಇನ್ನೊಂದೆರಡು ಸಂಗತಿ ಹೇಳದೆ ಬಿಡಬಾರದು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಅತಿಯಾಗಿ ಇಳಿದಾಗ ಕೈನಡುಕ, ಎದೆಬಡಿತಗಳೇ ಮುನ್ಸೂಚನೆ. ಈ ಔಷಧ ಅವನ್ನು ಮರೆಮಾಚುತ್ತದೆ. ಎದೆಬಡಿತ ಮೊದಲೇ ನಿಧಾನವಾಗಿರುವವರಿಗೂ ಇದು ಸಲ್ಲದು. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅದೇ ಮನೆತನದ ಹನಿಯಿಂದ ಹೆಚ್ಚಿನ ಫಲವಿಲ್ಲ, ಏಕೆಂದರೆ ಪೀಠ ಆಗಲೇ ಹಿಡಿದಾಗಿದೆ. ಅವ್ವನ ಮಾತ್ರೆಯಿಂದ ತಲೆನೋವು ಇಳಿದ ಸುದ್ದಿ ಹಬ್ಬಿ, “ಎರಡು ಮಾತ್ರೆ ಕೊಡವ್ವಾ” ಎಂದು ಬಂದವರಲ್ಲಿ ಒಬ್ಬಳು ಉಬ್ಬಸದ ಹೆಂಗಸು. ಅವ್ವ ಕೊಡಲಿಲ್ಲ. “ನಮ್ಮ ಹುಡುಗನ್ನ ಕೇಳ್ರಿ” ಎಂದು ನನ್ನ ಕಡೆ ಕೈತೋರಿಸಿದಳು. ನಾನು ಡಾಕ್ಟರನ್ನು ಕೇಳಿರೆಂದೆ.

ಗ್ಲಾಕೋಮಾ ಒಡಹುಟ್ಟಿದವರಲ್ಲಿ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ನಮ್ಮ ಅಪ್ಪನವರು ದೊಡ್ಡಪ್ಪನವರ ಬೆನ್ನಿಗೆ ಹುಟ್ಟಿದವರು. ವಯಸ್ಸು ನಲವತ್ತು ದಾಟಿ ಬಹಳ ವರ್ಷವಾಯಿತು. “ನನಗೇನಾಗೈತಿ, ಚೆನ್ನಾಗೇ ಕಾಣ್ತೈತಲ್ಲ” ಎನ್ನುತ್ತಾರೆ. ದೊಡ್ಡಪ್ಪನವರಿಗೂ ಚೆನ್ನಾಗಿಯೇ ಕಾಣುತ್ತಿತ್ತೆಂದು ನಾನು ಹೇಳುತ್ತೇನೆ. ಮೊನ್ನೆ ದೊಡ್ಡಪ್ಪನವರೇ ಬಂದು ಜಗುಲಿಯ ಮೇಲೆ ಕೂತು, ತಮ್ಮನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ನೇರ ನೋಡೆಂದು ಹೇಳಿ, ಎಡಗಡೆಯಿಂದ ಬೆರಳು ತಂದು “ಕಾಣ್ತೈತೇನೋ?” ಎಂದು ಕೇಳುತ್ತಿದ್ದರು. ಅಪ್ಪ ಉತ್ತರ ಕೊಡಲು ತುಸು ತಡಮಾಡಿದರು. ಸೋಮವಾರ ಬೆಳಗಿನ ಬಸ್ಸಿಗೆ ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೆ.