ಹಳೇ ಮುಟ್ಟು, ಹೊಸ ಮನೆ

ಪ್ರಶ್ನೆ: ತವರಿನ ಹಳೇ ಮನೆಯನ್ನು ಈ ಬೇಸಿಗೆಯಲ್ಲಿ ಕೀಳುತ್ತಾರೆ. ನನ್ನ ಪಾಲಿಗೆ ಒಂದಿಷ್ಟು ಕಂಬ, ತೊಲೆ, ಬಾಗಿಲು, ರಾಶಿ ಹೆಂಚು ಬರುತ್ತವೆ. ಅವನ್ನೇ ಬಳಸಿ ಎರಡು ಕೋಣೆ, ಅಡುಗೆಮನೆ, ಜಗಲಿ ಇರುವ ಪುಟ್ಟ ಮನೆ ಕಟ್ಟುವ ಆಸೆ. ‘ಮುರಿದ ಮನೆಯ ಮುಟ್ಟು ಆಗಿಬರೂದಿಲ್ಲ’ ಅಂತಾರೆ ಅತ್ತೆ. ‘ಅಕ್ಕಾ, ಇದಕ್ಕಿಂತ ತಾರಸಿ ಅಗ್ಗ’ ಅಂತಾನೆ ಮೇಸ್ತ್ರಿ. ದುಡ್ಡಿಲ್ಲದೆ ಹಳೇದು ಹೊತ್ತು ತಂದರು ಎಂದು ಊರವರು ಆಡಿಕೊಂಡಾರು ಎಂಬ ಅಳುಕು ನನಗೂ ಇದೆ.
– ಹೆಸರು ಬೇಡ, ಸಾಗರ ತಾಲೂಕು

ಉತ್ತರ: ಮೊದಲು ಮೇಸ್ತ್ರಿಯ ಮಾತು, ಅವನದು ಅರ್ಧ ಸರಿ. ಮೊಳೆ ಕೀಳುವ, ಮರ ಹೆರೆಯುವ, ಹೆಂಚು ಉಜ್ಜುವ ಕೂಲಿ ಸೇರಿಸಿದರೆ ಹಳೇದೇನೂ ಪುಕ್ಕಟೆಯಲ್ಲ. ಬರೀ ಉಳಿತಾಯ ನೆಚ್ಚಿ ಇಳಿದರೆ ನಡುವೆಯೇ ಬೇಸರ ಬಂದೀತು. ಆದರೆ ಅಂಥ ಮರವನ್ನು ಇಂದು ಕೊಂಡು ತರುವುದಾದರೆ ಎಷ್ಟಾದೀತು ಎಂದು ಅವನನ್ನೇ ಕೇಳಿ ನೋಡಿ.

ಹೆಚ್ಚಿನವರು ಎಡವುವುದು ನಕ್ಷೆಯಲ್ಲಿ. ಮೊದಲು ನಕ್ಷೆ ಬರೆಸಿ, ಆಮೇಲೆ ತೊಲೆ ಹುಡುಕುತ್ತಾರೆ. ನೀವು ತಿರುವುಮುರುವು ಮಾಡಿ. ತೊಲೆ ಕೊಳೆಯುವುದು, ಒರಳೆ ಹಿಡಿಯುವುದು ಹೆಚ್ಚಾಗಿ ಗೋಡೆಯೊಳಗಿದ್ದ ತುದಿಯಲ್ಲಿ. ಉಳಿಯಿಂದ ಚುಚ್ಚಿ ನೋಡಿ, ಮೆತ್ತಗಿದ್ದಷ್ಟನ್ನೂ ಕತ್ತರಿಸಲೇಬೇಕು. 12 ಅಡಿಯ ತೊಲೆಯ ಎರಡೂ ತುದಿಯಲ್ಲಿ ಅರ್ಧರ್ಧ ಅಡಿ ಹೋದರೆ 11 ಉಳಿಯಿತು. ಎರಡು ಗೋಡೆಗಳ ಮೇಲೆ 9 ಇಂಚಿನಂತೆ ಕೂತರೆ ಕೋಣೆಯ ಅಗಲ ಒಂಬತ್ತೂವರೆ ಅಡಿ. ಅಷ್ಟೇ. ಅದಕ್ಕಿಂತ ದೊಡ್ಡ ಕೋಣೆ ಬೇಕೆಂದು ಹಟ ಹಿಡಿದರೆ ಹೊಸ ಮರ ಕೊಳ್ಳಬೇಕಾಗುತ್ತದೆ.

ಹೆಂಚೂ ಹಾಗೇ. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಮೊದಲ ಮಳೆಗೇ ಸೋರುತ್ತವೆ. ಹೆಂಚಿನ ಮೇಲೆ ಒತ್ತಿರುವ ಹೆಸರು ನೋಡಿ ಬೇರೆ ಬೇರೆ ಪೇರಿಸಿ, ರೀಪು ಹೊಡೆಯುವುದು ಆಮೇಲೆ. ಮೂಲೆ ಮುರಿದವನ್ನು ಎಸೆಯಬೇಡಿ. ಕಾಂಕ್ರೀಟ್ ಚಾವಣಿಯ ಕೆಳಭಾಗದಲ್ಲಿ ಅಂಥ ಹೆಂಚು ತುಂಬಿ ಸಿಮೆಂಟು ಉಳಿಸುವ ಕ್ರಮವನ್ನು ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ರೂಢಿಗೆ ತಂದರು. ನಿಮ್ಮ ಬಚ್ಚಲಿನ ಚಾವಣಿಗೆ ಸಾಕಾದೀತು. ಅಡಿಪಾಯ, ಕಬ್ಬಿಣ, ವೈರಿಂಗ್, ಪೈಪು ಮಾತ್ರ ಹೊಸದೇ ಇರಲಿ. ಅಲ್ಲಿ ಜಿಪುಣತನ ಬೇಡ.

ಅತ್ತೆಯ ಜತೆ ವಾದಕ್ಕೆ ಇಳಿಯಬೇಡಿ. ನಿಮ್ಮದು ಸಾಗರ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮುಳುಗುವ ಊರುಗಳ ಜನ ಮನೆ ಬಿಚ್ಚಿ ಮರಮುಟ್ಟು, ಹೆಂಚು ಹೊತ್ತು ಹೋಗಿ ಬೇರೆ ಕಡೆ ಮನೆ ಕಟ್ಟಿಕೊಂಡರು. ನಿಮ್ಮ ನೆಂಟರಲ್ಲೇ ಅಂಥವರಿದ್ದರೆ ಅವರ ಮನೆಗೆ ಅತ್ತೆಯನ್ನು ಕರೆದೊಯ್ಯಿರಿ. ಒಂದನ್ನು ಬಿಟ್ಟುಕೊಡಿ: ಹೆಬ್ಬಾಗಿಲಿನ ವಾಡ, ಹೊಸಿಲು ಹೊಸ ಹಲಸಿನ ಮರದ್ದಾಗಲಿ, ಮುಹೂರ್ತ ಅವರೇ ನೋಡಿಸಲಿ. ಹೊಸ ಮನೆಯಲ್ಲಿ ತನ್ನದೂ ಒಂದು ಮಾತು ನಡೆಯಲಿ ಎಂಬುದೇ ಎಷ್ಟೋ ಸಲ ಇಂಥ ಶಕುನದ ಮಾತಿನ ಒಳಗಿರುತ್ತದೆ.

ಇನ್ನು ಊರವರು. ಮಣಿಪಾಲದ ವಿಜಯನಾಥ ಶೆಣೈ ಕೆಡವಿದ ಮನೆಗಳ ಕಂಬ, ಬಾಗಿಲು ಕೂಡಿಸಿ ತಮಗೊಂದು ಮನೆ ಕಟ್ಟಿದರು. ಅದನ್ನು ನೋಡಲು ಜನ ಮುಗಿಬಿದ್ದರು. ಆಡಿಕೊಳ್ಳುವ ಬಾಯಿ ತಾರಸಿ ಮನೆಗೂ ಏನಾದರೊಂದು ಅಂದೇ ಅನ್ನುತ್ತದೆ ಬಿಡಿ.

ಅಳುಕಿಗಿಂತ ತುರ್ತಿನ ಕೆಲಸಗಳಿವೆ. ಯಾರ ಪಾಲಿಗೆ ಯಾವ ಮರ ಎಂಬುದನ್ನು ಮನೆ ಕೀಳುವ ಮುಂಚೆಯೇ ಅಣ್ಣತಮ್ಮಂದಿರ ಜತೆ ಕೂತು ಬರೆದಿಟ್ಟುಕೊಳ್ಳಿ. ಪ್ರತಿ ತುಂಡಿಗೂ ಸುಣ್ಣದಲ್ಲಿ ನಂಬರು ಹಾಕಿಸಿ, ಫೋಟೋ ತೆಗೆಯಿರಿ. ಸಾಗುವಾನಿ, ಬೀಟೆ ಇದ್ದರೆ ಲಾರಿಗೆ ಏರಿಸುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ ಪರವಾನಗಿಯ ವಿಷಯ ಕೇಳಿಕೊಂಡು ಬನ್ನಿ.