ಪಾಠ ಬಾಯಿಗೆ ಬಂದಿದೆ, ಓದು ಬಂದಿಲ್ಲ

ಪ್ರಶ್ನೆ: ನಾನು ಡಿ.ಎಲ್.ಇಡಿ. ಎರಡನೇ ವರ್ಷದಲ್ಲಿದ್ದೇನೆ. ಬೋಧನಾಭ್ಯಾಸಕ್ಕೆ ಹೋಗುವ ಶಾಲೆಯಲ್ಲಿ ಎರಡನೇ ತರಗತಿಯ ಮಕ್ಕಳು ಪಾಠವನ್ನು ಗಡಗಡ ಓದುತ್ತಾರೆ. ನಡುವಿನ ಒಂದು ಪದಕ್ಕೆ ಬೆರಳಿಟ್ಟು ಕೇಳಿದರೆ ಸುಮ್ಮನಾಗುತ್ತಾರೆ. ಅಕ್ಷರದಿಂದ ಶುರು ಮಾಡಿ ಅಂತ ಕೆಲವರು, ಕಥೆಯಿಂದ ಅಂತ ಇನ್ನು ಕೆಲವರು. ಯಾರ ಮಾತು ಕೇಳಲಿ?
– ವಿದ್ಯಾರ್ಥಿನಿ, ಮಂಡ್ಯ ಜಿಲ್ಲೆ

ಉತ್ತರ: ಆ ಮಕ್ಕಳಿಗೆ ಪಾಠ ಬಾಯಿಪಾಠವಾಗಿದೆ, ಅಕ್ಷರ ಕೂಡಿಸಿ ಓದಲು ಬಂದಿಲ್ಲ. ಬೆರಳಿಟ್ಟು ಕೇಳಿ ನೀವು ಒಳ್ಳೆಯ ಕೆಲಸ ಮಾಡಿದಿರಿ. ಇನ್ನು ಕಲಿತ ಅಕ್ಷರಗಳಿಂದಲೇ ಆ ಪಾಠದಲ್ಲಿಲ್ಲದ ಪದ ಬರೆದು ಕೊಡಿ. ರ, ಗ, ಸ, ದ, ಅ ಬಲ್ಲ ಮಗು ‘ಗರಗಸ’ ಓದುತ್ತದೆಯೇ ನೋಡಿ.

ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ರಲ್ಲಿ ಬಹಳಷ್ಟು ಅಧ್ಯಯನಗಳನ್ನು ಪರಿಶೀಲಿಸಿ, ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ಕ್ರಮವಾಗಿ ಕಲಿಸಬೇಕು ಎಂದಿತು. ಸರಾಗ ಓದು, ಪದಸಂಪತ್ತು, ಅರ್ಥಗ್ರಹಿಕೆಯೂ ಅದರ ಪಟ್ಟಿಯಲ್ಲಿದ್ದವು. ಹಾಗಾಗಿ ಅಕ್ಷರವೂ ಬೇಕು, ಕಥೆಯೂ ಬೇಕು, ಅದೂ ಒಂದೇ ದಿನದಲ್ಲಿ. ಆದರೆ ಇಂಗ್ಲಿಷಿನ ತೊಡಕು ಬೇರೆ, ನಮ್ಮದು ಬೇರೆ. ಕನ್ನಡದಲ್ಲಿ ಬರೆದಂತೆ ಓದಬಹುದು, ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಕಲಿಕೆ ಮೂರು, ನಾಲ್ಕನೇ ತರಗತಿಯವರೆಗೂ ನಡೆಯುತ್ತದೆ. ಒತ್ತಕ್ಷರದಲ್ಲಿ ತಡವರಿಸುವ ಮಗುವನ್ನು ದಡ್ಡ ಎನ್ನುವ ಮೊದಲು ಇದು ನೆನಪಿರಲಿ.

ತಪ್ಪನ್ನು ಕಿವಿಗೊಟ್ಟು ಕೇಳುವುದನ್ನು ಕಲಿಯಿರಿ. ‘ಕೀಲಿ’ಯನ್ನು ‘ಕಿಲಿ’ ಎಂದರೆ ದೀರ್ಘ ಗೊತ್ತಾಗಿಲ್ಲ. ‘ಅಕ್ಕ’ವನ್ನು ‘ಅಕ’ ಎಂದರೆ ಒತ್ತು ಕಣ್ಣಿಗೆ ಬಿದ್ದಿಲ್ಲ. ಎರಡಕ್ಕೂ ಒಂದೇ ಮದ್ದಿಲ್ಲ. ನಿಮ್ಮ ಕಡೆಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿತೋ, ಅದು ಮನೆಯ ಮಾತು. ಓದು ಸರಿಯಾಗಿಯೇ ಇದೆ, ಅಲ್ಲಿ ತಡೆಯಬೇಡಿ.

ಪ್ರಶ್ನೆ: ಪಾಠಯೋಜನೆ, ಚಾರ್ಟು, ದಾಖಲೆ ಪುಸ್ತಕಗಳಲ್ಲೇ ನಮ್ಮ ಪ್ರಶಿಕ್ಷಣಾರ್ಥಿಗಳ ವರ್ಷ ಮುಗಿಯುತ್ತದೆ. ಸಂಶೋಧನೆಯನ್ನು ಎಲ್ಲಿ ಸೇರಿಸುವುದು?
– ಉಪನ್ಯಾಸಕರು, ಕಲಬುರಗಿ

ಉತ್ತರ: ಚಾರ್ಟುಗಳನ್ನು ಅರ್ಧ ಮಾಡಿ, ಸರ್. ಆ ಸಮಯದಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯೂ ವಾರಕ್ಕೊಮ್ಮೆ ಒಂದೇ ಮಗುವಿನ ಪಕ್ಕ ಕೂತು ಓದಿಸಲಿ, ಪೋಷಕರ ಒಪ್ಪಿಗೆ ಪಡೆದು ಫೋನಿನಲ್ಲಿ ದಾಖಲಿಸಲಿ. ಅದನ್ನು ಕಾಲೇಜಿನಲ್ಲಿ ಎಲ್ಲರೂ ಕೇಳಿ, ಮಗು ಎಲ್ಲಿ ನಿಂತಿತು, ಯಾಕೆ ನಿಂತಿತು, ನಾಳೆ ಏನು ಕಲಿಸಬೇಕು ಎಂದು ಚರ್ಚಿಸಿ. ಪ್ರಬಂಧಗಳನ್ನು ಆಮೇಲೆ ಓದಿಸಿ, ಆಗ ತಲೆಗೆ ಇಳಿಯುತ್ತವೆ.

ನಿಮ್ಮ ನೆರೆಯ ಯಾದಗಿರಿಯಲ್ಲೂ ಮಹಾರಾಷ್ಟ್ರದ ಪಾಲ್ಘರ್‌ನಲ್ಲೂ ಮಕ್ಕಳ ಓದು-ಬರಹದ ಕಲಿಕೆಯ ಬಗ್ಗೆ ನಡೆದ ಲಿರಿಲ್ (LiRIL) ಅಧ್ಯಯನದಿಂದ ಶುರು ಮಾಡಬಹುದು. ಅದರ ವರದಿ 2017ರಲ್ಲಿ ಬಂತು. ನಕಲು ಬರೆಯುವುದೇ ಹೆಚ್ಚಾಗಿ, ಅರ್ಥದ ಕುರಿತ ಮಾತು ಕಡಿಮೆಯಾದ ತರಗತಿಗಳನ್ನು ಅದರಲ್ಲಿ ಕಾಣುತ್ತೀರಿ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ತಿಳಿದು ಓದಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಗುರಿಯಿಟ್ಟಿತು. ಆ ಗುರಿ ಮುಟ್ಟಿಸಲು ತರಗತಿಗಳಿಗೆ ಹೋಗಿ ನಿಲ್ಲುವವರು ಇಂದು ನಿಮ್ಮ ಮುಂದೆ ಕೂತಿರುವ ವಿದ್ಯಾರ್ಥಿಗಳೇ. ಈ ವರ್ಷ ಹತ್ತು ಮಂದಿಯಿಂದಾದರೂ ಆರಂಭಿಸಿ.